ಕಲ್ಲುಳಿದ ಊರು, ಮಾತಳಿದ ಕೇರಿ

ಪರದೇಶದ ಊರೊಂದನ್ನು ಒಂದೇ ಹಗಲಿನಲ್ಲಿ ನೋಡಹೊರಟವನ ಮುಂದೆ ಎರಡು ದಾರಿಗಳಿರುತ್ತವೆ. ತನಗೆ ಮೊದಲೇ ಗೊತ್ತಿರುವುದನ್ನು ಅಲ್ಲಿ ಹುಡುಕುತ್ತ ಹೋಗುವುದು ಒಂದು. ಆ ಊರು ತನ್ನ ಪಾಡಿಗೆ ತಾನು ಏನು ಹೇಳುತ್ತಿದೆಯೋ ಅದನ್ನು ಓದುತ್ತ ಹೋಗುವುದು ಇನ್ನೊಂದು. ಮೊದಲನೆಯ ದಾರಿ ಹಿತವಾದದ್ದು. ಹೋದವನು ಹೆಮ್ಮೆಯಿಂದ ಮರಳುತ್ತಾನೆ. ಎರಡನೆಯದು ಅಷ್ಟು ಹಿತವಾದದ್ದಲ್ಲ. ಅದು ಒಮ್ಮೊಮ್ಮೆ ನೋಡುಗನ ಸ್ವಂತ ಊರಿನ ಬಗೆಗೇ ಪ್ರಶ್ನೆಗಳನ್ನು ಎಬ್ಬಿಸಿ ಕಳುಹಿಸುತ್ತದೆ. ಚೀನಾದ ಫುಜಿಯನ್ ಪ್ರಾಂತದ ಕರಾವಳಿಯಲ್ಲಿರುವ ಚುವಾನ್‌ಜೌ ಅಂಥ ಪ್ರಶ್ನೆಗಳನ್ನು ಎಬ್ಬಿಸುವ ನಗರ. ಗಡಿನಾಡಿನಲ್ಲಿ ಕನ್ನಡವನ್ನು ಐಚ್ಛಿಕ ವಿಷಯವಾಗಿ ಓದುತ್ತಿರುವವರು ಈ ನಗರದ ಗುಡಿ, ಕೇರಿ, ಉದ್ಯಾನಗಳ ಕಥೆಯನ್ನು ಅರಿಯಬೇಕಾದದ್ದು ಆ ಕಾರಣಕ್ಕಾಗಿಯೇ.

ಸೋಂಗ್ ಮತ್ತು ಯುವಾನ್ ಅರಸುಮನೆತನಗಳ ಕಾಲದಲ್ಲಿ, ಎಂದರೆ 10ರಿಂದ 14ನೆಯ ಶತಮಾನದವರೆಗೆ, ಚುವಾನ್‌ಜೌ ಜಗತ್ತಿನ ದೊಡ್ಡ ಬಂದರುಗಳಲ್ಲಿ ಒಂದಾಗಿತ್ತು. ಅರಬರು ಇದನ್ನು ‘ಜೈತೂನ್’ ಎಂದು ಕರೆದರು. ಮಾರ್ಕೊ ಪೋಲೊ ಮತ್ತು ಇಬ್ನ್ ಬತೂತಾ ಇಬ್ಬರೂ ಈ ಹೆಸರಿನಿಂದಲೇ ಅದನ್ನು ವರ್ಣಿಸಿದ್ದಾರೆ. ಅಲೆಕ್ಸಾಂಡ್ರಿಯಕ್ಕೆ ಕರಿಮೆಣಸು ತುಂಬಿದ ಒಂದು ಹಡಗು ಹೋದರೆ ಜೈತೂನಿಗೆ ನೂರು ಬರುತ್ತವೆ ಎಂಬುದು ಪೋಲೊ ಕೊಟ್ಟ ಲೆಕ್ಕ. ಆ ಹೆಸರು ಹುಟ್ಟಿದ್ದು ಊರಿನ ಸುತ್ತ ನೆಟ್ಟಿದ್ದ ‘ತ್ಸಿತೋಂಗ್’ ಮರದಿಂದ. ಕೆಂಪು ಹೂ ಬಿಡುವ ಆ ಮರ ಕಾಸರಗೋಡು, ವಯನಾಡುಗಳ ತೋಟಗಳಲ್ಲಿ ಮೆಣಸಿನ ಬಳ್ಳಿ ಹಬ್ಬಿಸುವ ಹಾಲುವಾಣವೇ. ಮೆಣಸು ಬೆಳೆಯುವ ನಾಡಿನಲ್ಲಿ ಬಳ್ಳಿಗೆ ಆಸರೆಯಾದ ಮರ, ಮೆಣಸನ್ನು ಕೊಳ್ಳುವ ನಾಡಿನಲ್ಲಿ ಊರಿಗೆ ಹೆಸರಾಯಿತು.

ಹಳೆಯ ಊರಿನ ಪಡುವಣ ಬೀದಿಯಲ್ಲಿ ಬೆಳಗು ಬೇಗ ಆರಂಭವಾಗುತ್ತದೆ. ಕೂದಲೆಳೆಯಷ್ಟು ತೆಳುವಾದ ಶ್ಯಾವಿಗೆಯನ್ನು ಗಂಜಿಯಂತೆ ಕರಗಿಸಿ ಬೇಯಿಸಿದ ತಿಂಡಿಯನ್ನು ಅಂಗಡಿಯವರು ಬಟ್ಟಲಿಗೆ ಬಡಿಸುತ್ತಿರುತ್ತಾರೆ. ಅದೇ ಬೀದಿಯ ಬದಿಯಲ್ಲಿ ಕಾಯ್‌ಯುವಾನ್ ಬೌದ್ಧ ವಿಹಾರವಿದೆ. ಕ್ರಿ.ಶ. 686ರಲ್ಲಿ ಸ್ಥಾಪನೆಯಾದ ವಿಹಾರವಿದು. ಹುವಾಂಗ್ ಶೌಗೋಂಗ್ ಎಂಬ ಸಿರಿವಂತ ತನ್ನ ಹಿಪ್ಪುನೇರಳೆ ತೋಟವನ್ನು ಅದಕ್ಕೆ ದಾನವಾಗಿ ಕೊಟ್ಟನೆಂದೂ, ಆ ಮರಗಳಲ್ಲಿ ಬಿಳಿಯ ತಾವರೆಗಳು ಅರಳಿದುವೆಂದೂ ಐತಿಹ್ಯ. ಅಂಗಳದ ಎರಡು ಬದಿಗಳಲ್ಲಿ 13ನೆಯ ಶತಮಾನದ ಎರಡು ಕಲ್ಲುಗೋಪುರಗಳು ನಿಂತಿವೆ. ಎಂಟು ಮೂಲೆ, ಐದು ಅಂತಸ್ತಿನ ಈ ಗೋಪುರಗಳ ಎತ್ತರ 40 ಮೀಟರಿಗೂ ಮಿಗಿಲು. 1604ರ ಭೂಕಂಪ ಊರನ್ನು ನಡುಗಿಸಿದಾಗಲೂ ಇವು ಬೀಳಲಿಲ್ಲ. ಪಶ್ಚಿಮದ ಗೋಪುರದ ಮೇಲೆ ಕತ್ತಿ ಹಿಡಿದ ಕಪಿಯ ಶಿಲ್ಪವೊಂದಿದೆ. ಚೀನೀ ಕಥೆಗಳ ವಾನರವೀರ ಸುನ್ ವುಕೋಂಗನ ಹಳೆಯ ರೂಪ ಅದೆಂದು ಕೆಲವರು ಹೇಳಿದರೆ, ಹನುಮಂತನ ನೆರಳನ್ನು ಅದರಲ್ಲಿ ಕಂಡವರೂ ಇದ್ದಾರೆ.

ಭಾರತದಿಂದ ಹೋದವರ ಮನಸ್ಸು ನಿಲ್ಲುವುದು ಮಹಾವೀರ ಮಂದಿರದ ಹಿಂಬದಿಯಲ್ಲಿ. ಅಲ್ಲಿನ ಎರಡು ಕಂಬಗಳಿಗೆ ಹದಿನಾರು ಮುಖಗಳಿವೆ. ಅವುಗಳ ಮೇಲಿನ ದುಂಡು ಫಲಕಗಳಲ್ಲಿ ಹಿರಣ್ಯಕಶಿಪುವಿನ ಕರುಳು ಬಗೆಯುವ ನರಸಿಂಹ, ಗೋಪಿಯರ ಸೀರೆಗಳನ್ನು ಹೊತ್ತು ಮರವೇರಿದ ಕೃಷ್ಣ, ಮೊಸಳೆಯಿಂದ ಬಿಡುಗಡೆ ಪಡೆಯುವ ಗಜೇಂದ್ರ ಮುಂತಾದ ಚಿತ್ರಗಳಿವೆ. ಮಂದಿರದ ಮುಂದಿನ ಜಗತಿಯ ಸುತ್ತ ಸಿಂಹಗಳೂ ಮನುಷ್ಯಮುಖದ ಸಿಂಹಗಳೂ ಇರುವ 73 ಫಲಕಗಳಿವೆ. ನೋಡಿದೊಡನೆ ತೆಂಕಣ ಭಾರತದ ಉಳಿಯ ಗುರುತು ಸಿಗುತ್ತದೆ. ಮೊದಲನೆಯ ದಾರಿಯಲ್ಲಿ ಬಂದವನ ಯಾತ್ರೆ ಇಲ್ಲಿಗೆ ಸಾರ್ಥಕ. ‘ನಮ್ಮ ಸಂಸ್ಕೃತಿ ಇಲ್ಲಿಯವರೆಗೆ ಬಂದಿತ್ತು’ ಎಂಬ ಒಂದು ವಾಕ್ಯದೊಂದಿಗೆ ಅವನು ಮರಳಬಹುದು.

ಆದರೆ ಆ ಕಂಬಗಳು ಅಲ್ಲಿಗೆ ಬಂದ ಬಗೆಯನ್ನು ಕೇಳಿದರೆ ವಾಕ್ಯ ಅಷ್ಟು ಸರಳವಾಗಿ ಉಳಿಯುವುದಿಲ್ಲ. ಅವು ಬೌದ್ಧ ವಿಹಾರಕ್ಕೆಂದು ಕೆತ್ತಿದ ಕಂಬಗಳಲ್ಲ. ಊರಿನಲ್ಲಿದ್ದ ಹಿಂದೂ ಗುಡಿ ಹಾಳಾದ ಮೇಲೆ, ಮಿಂಗ್ ಅರಸರ ಕಾಲದಲ್ಲಿ ಮಂದಿರವನ್ನು ಜೀರ್ಣೋದ್ಧಾರ ಮಾಡಿದವರು ಕೈಗೆ ಸಿಕ್ಕ ಒಳ್ಳೆಯ ಕಲ್ಲನ್ನು ತಂದು ನಿಲ್ಲಿಸಿದರು. ಕೆತ್ತಿದವನಿಗೆ ನರಸಿಂಹ ಆರಾಧ್ಯದೈವ. ತಂದು ನಿಲ್ಲಿಸಿದವನಿಗೆ ಅದು ಚೆಲುವಾದ ಒಂದು ಅಲಂಕಾರ. ಈ ಎರಡರ ನಡುವೆ ಒಂದು ಸಮುದಾಯವೇ ಇಲ್ಲವಾಗಿದೆ. ಆ ಕಂಬಗಳ ಮುಂದೆ ನಿಂತು ಹೆಮ್ಮೆಪಡುವವರು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು ಈ ನಡುವಣ ಶೂನ್ಯವನ್ನು.

ಆ ಸಮುದಾಯ ಮಾತಾಡುತ್ತಿದ್ದ ಭಾಷೆಗೆ ಒಂದೇ ಒಂದು ದೊಡ್ಡ ಸಾಕ್ಷಿ ಉಳಿದಿದೆ. ಅದು ಶಕವರ್ಷ 1203ರ, ಎಂದರೆ ಕ್ರಿ.ಶ. 1281ರ, ಚೈತ್ರಮಾಸದ ತಮಿಳು ಶಾಸನ. ಸಂಬಂಧಪ್ಪೆರುಮಾಳ್ ಎಂಬಾತ ಖಾನನ ಅಪ್ಪಣೆಯ ಮೇರೆಗೆ, ಖಾನನ ಮೈಯ ಸೌಖ್ಯಕ್ಕಾಗಿ, ತಿರುಕ್ಕದಲೀಶ್ವರಂ ಎಂಬ ಶಿವಸನ್ನಿಧಿಯನ್ನು ಪ್ರತಿಷ್ಠಾಪಿಸಿದ ಸಂಗತಿ ಅದರಲ್ಲಿದೆ. ಖಾನನೆಂದರೆ ಅಂದು ಚೀನಾವನ್ನು ಆಳುತ್ತಿದ್ದ ಕುಬ್ಲಾಯ್ ಖಾನ್. ಹರನಿಗೆ ವಂದನೆ, ಶಕಕಾಲದ ಗಣನೆ, ಮಂಗೋಲ ದೊರೆಯ ಆರೋಗ್ಯಕ್ಕಾಗಿ ಹರಕೆ. ಕೊನೆಯ ಸಾಲು ಮಾತ್ರ ಚೀನೀ ಲಿಪಿಯಲ್ಲಿ. ಪರನಾಡಿನಲ್ಲಿ ನೆಲೆಸಿದ ಜನ ತಮ್ಮ ದೈವ, ತಮ್ಮ ನುಡಿ, ತಮ್ಮ ಕಾಲಗಣನೆಯನ್ನು ಬಿಡದೆ, ಆಳುವವರೊಡನೆ ಹೊಂದಿಕೊಂಡು ಬಾಳಿದ ರೀತಿಗೆ ಇದಕ್ಕಿಂತ ಚೊಕ್ಕವಾದ ದಾಖಲೆ ಸಿಗುವುದು ಅಪರೂಪ.

ಇಲ್ಲಿ ಕನ್ನಡ ವಿದ್ಯಾರ್ಥಿಗಳಿಗೆ ಒಂದು ಆಮಿಷವಿದೆ. ಆ ಕಾಲದ ತೆಂಕಣ ಕಡಲ ವ್ಯಾಪಾರದಲ್ಲಿ ಅಯ್ಯಾವೊಳೆಯ ಐನೂರ್ವರು ಎಂಬ ವರ್ತಕ ಸಂಘದ ಹೆಸರು ಪ್ರಖ್ಯಾತವಾದದ್ದು. ಆ ಹೆಸರು ಬಂದಿರುವುದು ಬಾದಾಮಿಯ ಬಳಿಯ ಐಹೊಳೆಯಿಂದ. ಸುಮಾತ್ರದ ಬಾರೂಸ್ ಬಳಿಯಲ್ಲಿ ಸಿಕ್ಕ 1088ರ ಶಾಸನದಲ್ಲಿ ಐನೂರ್ವರ ಉಲ್ಲೇಖವಿದೆ. ಹಾಗಾದರೆ ಚುವಾನ್‌ಜೌನಲ್ಲಿಯೂ ಕನ್ನಡಿಗರಿದ್ದರು ಎಂದು ಹೇಳಿಬಿಡಬಹುದಲ್ಲವೇ? ಹೇಳಲಾಗದು. ಸುಮಾತ್ರದ ಆ ಶಾಸನದ ಭಾಷೆ ತಮಿಳು; ಚುವಾನ್‌ಜೌನ ಶಾಸನದ ಭಾಷೆಯೂ ತಮಿಳು, ಅದರಲ್ಲಿ ಐನೂರ್ವರ ಹೆಸರೂ ಇಲ್ಲ. ಕನ್ನಡ ನಾಡಿನ ಊರ ಹೆಸರು ಹೊತ್ತ ಸಂಘವೊಂದು ಕಡಲಾಚೆ ತಮಿಳಿನಲ್ಲಿ ಶಾಸನ ಹಾಕಿಸಿತು ಎಂಬ ಸಂಗತಿಯೇ, ಹೆಸರಿಗೂ ನುಡಿಗೂ ನೇರ ಗಂಟು ಹಾಕಬಾರದೆಂಬ ಎಚ್ಚರವನ್ನು ಕಲಿಸುತ್ತದೆ. ಮಂಜೇಶ್ವರದ ಗೋವಿಂದ ಪೈಗಳ ಕಾಲದಲ್ಲಿ, ಈಜಿಪ್ಟಿನಲ್ಲಿ ಸಿಕ್ಕ ಗ್ರೀಕ್ ಪ್ರಹಸನದೊಳಗಿನ ಮಾತುಗಳು ಕನ್ನಡವೋ ಅಲ್ಲವೋ ಎಂಬ ಚರ್ಚೆ ನಡೆಯಿತು. ಪೈಗಳಂಥವರು ಅದಕ್ಕಾಗಿ ಪದಪದವನ್ನೂ ತಿರುವಿ ನೋಡಿದರು. ಒಪ್ಪುವುದು ಬಿಡುವುದು ಬೇರೆ ಮಾತು. ಹಕ್ಕು ಸಾಧಿಸುವ ಮೊದಲು ಓದಬೇಕೆಂಬ ಶಿಸ್ತು ಅಲ್ಲಿತ್ತು.

ವಿಹಾರದಿಂದ ಹೊರಬಿದ್ದು ಹಿಂಬೀದಿಗಳಿಗೆ ತಿರುಗಿದರೆ ಗೋಡೆಗಳೇ ಮಾತಾಡತೊಡಗುತ್ತವೆ. ಕೆಂಪು ಇಟ್ಟಿಗೆ, ಬಾಲ ಸೀಳಿದ ಹಕ್ಕಿಯಂತೆ ತುದಿ ಮೇಲೆತ್ತಿದ ಮಾಡುಗಳು ಈ ಊರಿನ ಮನೆಗಳ ಗುರುತು. ಕೆಲವು ಗೋಡೆಗಳಲ್ಲಿ ಇಟ್ಟಿಗೆಯ ಚೂರುಗಳನ್ನೂ ಕಲ್ಲಿನ ತುಂಡುಗಳನ್ನೂ ಕಲಸಿ ಜೋಡಿಸಿರುತ್ತಾರೆ. 1604ರ ಭೂಕಂಪದಲ್ಲಿ ಬಿದ್ದ ಮನೆಗಳ ಅವಶೇಷದಿಂದಲೇ ಜನ ಮತ್ತೆ ಮನೆ ಕಟ್ಟಿಕೊಂಡಾಗ ಈ ಪದ್ಧತಿ ಬೆಳೆಯಿತೆಂದು ಊರಿನವರ ನಂಬಿಕೆ. ಒಡೆದದ್ದನ್ನು ಎಸೆಯದೆ ಬಳಸುವುದು ಇಲ್ಲಿನ ರೂಢಿ. ಕೃಷ್ಣನ ಕಂಬಗಳು ಉಳಿದದ್ದೂ ಈ ರೂಢಿಯಿಂದಲೇ ಇರಬೇಕು.

ಟುಮೆನ್ ಬೀದಿಗೆ ಬಂದರೆ ಕೆಲವೇ ಹೆಜ್ಜೆಗಳ ಅಂತರದಲ್ಲಿ ಎರಡು ಲೋಕಗಳು. ಒಂದೆಡೆ 1009ರಲ್ಲಿ ಕಟ್ಟಿದ ಚಿಂಗ್‌ಜಿಂಗ್ ಮಸೀದಿ. ಅದರ ಎತ್ತರವಾದ ಕಮಾನು ಬಾಗಿಲಿಗೆ ಹಸಿರು ಛಾಯೆಯ ಕಲ್ಲು. ಹಳೆಯ ಪ್ರಾರ್ಥನಾಮಂದಿರದ ಮಾಡು ಎಂದೋ ಹೋಗಿ, ಈಗ ಆಕಾಶವೇ ಸೂರು. ಪಕ್ಕದಲ್ಲಿ ವೀರದೇವತೆ ಗುವಾನ್‌ದಿಯ ಗುಡಿ. ಅಲ್ಲಿ ಇಡೀ ದಿನ ಧೂಪದ ಹೊಗೆ ಏಳುತ್ತಿರುತ್ತದೆ. ವ್ಯಾಪಾರಕ್ಕೆ, ಮದುವೆಗೆ, ಮಕ್ಕಳ ಪರೀಕ್ಷೆಗೆ ದೈವದ ಮಾತು ಕೇಳಬಂದವರು ಅರ್ಧಚಂದ್ರಾಕಾರದ ಎರಡು ಮರದ ತುಂಡುಗಳನ್ನು ನೆಲಕ್ಕೆ ಹಾಕಿ, ಅವು ಬಿದ್ದ ಬಗೆಯಿಂದ ಉತ್ತರ ತಿಳಿಯುತ್ತಾರೆ. ನಮ್ಮಲ್ಲಿ ಹೂಪ್ರಸಾದ ಕೇಳುವವರಿಗೆ ಆ ಕಾತರ ಅಪರಿಚಿತವಲ್ಲ.

ಗುಡಿ ಮತ್ತು ಮಸೀದಿ ಹೀಗೆ ಹೆಗಲಿಗೆ ಹೆಗಲು ಕೊಟ್ಟು ನಿಂತದ್ದನ್ನು ತೋರಿಸಿ, ಚುವಾನ್‌ಜೌ ಸರ್ವಧರ್ಮ ಸಾಮರಸ್ಯದ ನಗರವೆಂದು ಬಣ್ಣಿಸುವುದು ಇಂದಿನ ವಾಡಿಕೆ. 2021ರಲ್ಲಿ ಯುನೆಸ್ಕೊ ಇಲ್ಲಿನ 22 ನೆಲೆಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಮೇಲೆ ಈ ವರ್ಣನೆಗೆ ಇನ್ನಷ್ಟು ಬಲ ಬಂದಿದೆ. ವರ್ಣನೆ ಸುಳ್ಳಲ್ಲ, ಅರ್ಧಸತ್ಯ. 1357ರಿಂದ 1366ರವರೆಗೆ ಇದೇ ಊರಿನಲ್ಲಿ ಪಾರಸೀಕ ಮೂಲದ ಸೈನಿಕರ ದಂಗೆ ನಡೆಯಿತು. ಅದನ್ನು ಅಡಗಿಸಿದ ಬಳಿಕ ಹೊರನಾಡಿನಿಂದ ಬಂದು ನೆಲೆಸಿದ್ದವರ ಮೇಲೆ ಹಗೆ ತಿರುಗಿತು. ಎಷ್ಟೋ ಜನ ಸತ್ತರು, ಎಷ್ಟೋ ಜನ ಓಡಿದರು, ಪೂಜಾಸ್ಥಾನಗಳು ಉರುಳಿದವು. 1368ರಲ್ಲಿ ಅಧಿಕಾರಕ್ಕೆ ಬಂದ ಮಿಂಗ್ ಅರಸರು ಖಾಸಗಿ ಕಡಲ ವ್ಯಾಪಾರವನ್ನು ನಿಷೇಧಿಸಿದಾಗ ಉಳಿದವರ ಬದುಕಿನ ಬೇರೂ ಒಣಗಿತು. ಗುಡಿಗಳ ಕಲ್ಲುಗಳೂ ಗೋರಿಗಳ ಕಲ್ಲುಗಳೂ ಕೋಟೆಯ ಗೋಡೆಗೆ ಹೋದವು. ಸಾಮರಸ್ಯದ ಮಾತಾಡುವಾಗ ಈ ಪುಟವನ್ನು ಮಡಿಸಿಡುವುದು ಸತ್ತವರಿಗೆ ಮಾಡುವ ಅನ್ಯಾಯ. ಅಲ್ಪಸಂಖ್ಯಾತ ಸಮುದಾಯವೊಂದು ಶತಮಾನಗಳ ಕಾಲ ನೆಮ್ಮದಿಯಿಂದಿದ್ದು ಒಂದು ದಶಕದಲ್ಲಿ ಇಲ್ಲವಾಗಬಹುದೆಂಬುದೂ ಈ ನಗರ ಕಲಿಸುವ ಪಾಠ.

ಹಾಗೆಂದು ಎಲ್ಲರೂ ಅಳಿಯಲಿಲ್ಲ. ಹತ್ತಿರದ ಚೆನ್‌ದಾಯ್ ಎಂಬಲ್ಲಿ ಡಿಂಗ್ ಎಂಬ ಕುಲದವರಿದ್ದಾರೆ. ಪಶ್ಚಿಮದಿಂದ ಬಂದ ಮುಸಲ್ಮಾನ ವರ್ತಕರ ಸಂತತಿಯವರಿವರು. ಶತಮಾನಗಳು ಉರುಳಿದಂತೆ ಅರಬ್ಬಿ ನುಡಿ ಹೋಯಿತು, ಬಹುಮಟ್ಟಿಗೆ ನಮಾಜೂ ಹೋಯಿತು. ಚೀನೀಯರಂತೆಯೇ ಪಿತೃಪೂಜೆ ಬಂದಿತು. ಆದರೂ ಹಿರಿಯರಿಗೆ ಎಡೆಯಿಡುವಾಗ ಹಂದಿಮಾಂಸ ಇಡಬಾರದೆಂಬ ಕಟ್ಟಳೆಯನ್ನು ಅವರು ಉಳಿಸಿಕೊಂಡರು, ವಂಶಾವಳಿಯ ಹೊತ್ತಗೆಯನ್ನು ಕಾಪಾಡಿಕೊಂಡರು. 1979ರಲ್ಲಿ ಸರ್ಕಾರ ಅವರನ್ನು ಹುಯಿ ಜನಾಂಗದವರೆಂದು ಮತ್ತೆ ಗುರುತಿಸಿದ್ದು ಇಂಥ ಆಧಾರಗಳ ಬಲದಿಂದ. ಇದಕ್ಕೆ ಎದುರಾದ ಇನ್ನೊಂದು ಚಿತ್ರ ಅದೇ ಪ್ರದೇಶದ ಚೆಡಿಯನ್ ಹಳ್ಳಿಯ ಸಣ್ಣ ಗುಡಿಯಲ್ಲಿದೆ. ಅಲ್ಲಿ ನಾಲ್ಕು ಕೈಗಳ ಹಿಂದೂ ದೇವಿಯ ಹಳೆಯ ಶಿಲ್ಪವೊಂದನ್ನು ಊರವರು ಕರುಣೆಯ ದೇವತೆ ಗುವಾನ್‌ಯಿನ್ ಎಂದು ತಿಳಿದು ನಿತ್ಯ ಪೂಜಿಸುತ್ತಾರೆ. ದೇವಿಗೆ ಧೂಪವಿದೆ, ಹಣ್ಣಿದೆ, ಭಕ್ತಿಯಿದೆ. ಅವಳ ಹೆಸರು ಮಾತ್ರ ಇಲ್ಲ. ಚೆನ್‌ದಾಯ್‌ನಲ್ಲಿ ಬರೆದಿಟ್ಟವರು ಇದ್ದರು, ಚೆಡಿಯನ್‌ನಲ್ಲಿ ಇರಲಿಲ್ಲ. ಎರಡರ ನಡುವಿನ ವ್ಯತ್ಯಾಸ ಅಷ್ಟೇ, ಅಷ್ಟೂ.

ಮಧ್ಯಾಹ್ನದ ಹೊತ್ತಿಗೆ ಪೂರ್ವಸರೋವರದ ಬಳಿಯ ಕಡಲ ವ್ಯಾಪಾರದ ವಸ್ತುಸಂಗ್ರಹಾಲಯಕ್ಕೆ ಹೋದರೆ ಕೋಟೆಯ ಗೋಡೆಗೆ ಹೋಗಿದ್ದ ಕಲ್ಲುಗಳು ಸಾಲಾಗಿ ನಿಂತಿರುವುದು ಕಾಣುತ್ತದೆ. ಅರಬ್ಬಿ ಬರಹದ ಗೋರಿಕಲ್ಲುಗಳು, ತಾವರೆಯ ಮೇಲೆ ಶಿಲುಬೆ ಕೆತ್ತಿದ ಕ್ರೈಸ್ತರ ಕಲ್ಲುಗಳು, ಹಿಂದೂ ಗುಡಿಯ ಫಲಕಗಳು. ಇವು ಇಲ್ಲಿಗೆ ತಾವಾಗಿ ಬರಲಿಲ್ಲ. 20ನೆಯ ಶತಮಾನದ ಮೊದಲರ್ಧದಲ್ಲಿ ಕೋಟೆಯನ್ನು ಕೆಡವತೊಡಗಿದಾಗ ಕೆತ್ತನೆಯ ಕಲ್ಲುಗಳು ಹೊರಬಿದ್ದವು. ಕೂಲಿಯವರಿಗೆ ಅವು ರಸ್ತೆಗೆ, ಸೇತುವೆಗೆ, ಅಡಿಪಾಯಕ್ಕೆ ಒದಗುವ ಕಲ್ಲು. ಊರಿನ ಶಾಲಾಶಿಕ್ಷಕ ವು ವೆನ್‌ಲಿಯಾಂಗ್ ಅವುಗಳ ಬೆಲೆಯನ್ನು ಅರಿತರು. ಪುರಾತತ್ತ್ವ ಇಲಾಖೆಯ ಅಧಿಕಾರಿ ಅವರಲ್ಲ. ತಮ್ಮ ಕೈಯ ಹಣ ಹಾಕಿ ಕಲ್ಲುಗಳನ್ನು ಕೊಂಡು, ಹೊತ್ತು ತರಿಸಿ, ಮನೆಯಲ್ಲಿ ಕೂಡಿಟ್ಟರು. ಯುದ್ಧದ ಕಾಲವನ್ನು ಅವುಗಳೊಡನೆ ಕಳೆದು, ಬಳಿಕ ಸರ್ಕಾರಕ್ಕೆ ಒಪ್ಪಿಸಿದರು. ಆ ಶಿಲಾಲೇಖಗಳನ್ನು ಕುರಿತ ಅವರ ಪುಸ್ತಕ 1957ರಲ್ಲಿ ಪ್ರಕಟವಾಯಿತು. ಎರಡು ವರ್ಷಗಳ ಬಳಿಕ ವಸ್ತುಸಂಗ್ರಹಾಲಯ ಹುಟ್ಟಿತು. ಆ ಕಲ್ಲುಗಳಲ್ಲಿ ಎಷ್ಟೋ ಕಲ್ಲುಗಳು ಅವರ ಜನದವು ಅಲ್ಲ, ಅವರ ನುಡಿಯವು ಅಲ್ಲ, ಅವರ ಧರ್ಮದವೂ ಅಲ್ಲ. ತನ್ನ ಊರಿನ ನೆಲದಲ್ಲಿ ಸಿಕ್ಕದ್ದು ತನ್ನ ಹೊಣೆ ಎಂದು ಬಗೆದ ಒಬ್ಬ ಮೇಷ್ಟರ ಹಟದಿಂದಾಗಿ ಜಗತ್ತು ಇಂದು ಆ ಕಲ್ಲುಗಳ ಬಗ್ಗೆ ಮಾತಾಡುವಂತಾಗಿದೆ. ಇಡೀ ನಗರದಲ್ಲಿ ಹೆಮ್ಮೆಪಡತಕ್ಕ ಸಂಗತಿ ಒಂದನ್ನು ಆರಿಸಬೇಕೆಂದರೆ, ಕಾಯ್‌ಯುವಾನಿನ ಕಂಬಗಳಿಗಿಂತ ಮುಂಚೆ ಇದನ್ನು ಆರಿಸಬೇಕು.

ಸಂಜೆಯ ಹೊತ್ತು ಪೂರ್ವಸರೋವರದ ಉದ್ಯಾನ ಊರಿನ ಹಿರಿಯರದಾಗುತ್ತದೆ. ಕೆಲವರು ನಿಧಾನಗತಿಯ ತಾಯ್‌ಚಿಯಲ್ಲಿ ತೊಡಗಿದರೆ ಕೆಲವರು ಇಸ್ಪೀಟು ಹರಡಿಕೊಂಡು ಕೂರುತ್ತಾರೆ. ಹೆಂಗಸರು ಸಾಲುಗಟ್ಟಿ ಕುಣಿಯುತ್ತಾರೆ. ಹತ್ತಿರದ ಆನ್‌ಷಿ ಬೆಟ್ಟಗಳ ಚಹಾವನ್ನು ಬೆರಳುದ್ದದ ಬಟ್ಟಲುಗಳಿಗೆ ಮತ್ತೆ ಮತ್ತೆ ಬಗ್ಗಿಸುತ್ತ ಹರಟುವ ನುಡಿ ಮಿನ್ನಾನ್. ಆಗ್ನೇಯ ಏಷ್ಯಾದಲ್ಲಿ ಹೊಕ್ಕಿಯೆನ್ ಎಂದು ಹೆಸರಾದ ಭಾಷೆ. ರಾಜಧಾನಿಯ ನುಡಿಯನ್ನು ಆಧರಿಸಿದ ಪುಟೋಂಗ್‌ಹುವಾ ಮಾತ್ರ ಬಲ್ಲವನಿಗೆ ಇದು ತಿಳಿಯುವುದಿಲ್ಲ. ಆದರೆ ಶಾಲೆಯ ಭಾಷೆ ಪುಟೋಂಗ್‌ಹುವಾ, ಕಚೇರಿಯ ಭಾಷೆ ಪುಟೋಂಗ್‌ಹುವಾ. 2001ರ ಆರಂಭದಿಂದ ಜಾರಿಯಲ್ಲಿರುವ ರಾಷ್ಟ್ರೀಯ ಭಾಷಾ ಕಾನೂನು ಅದಕ್ಕೇ ಮಣೆ ಹಾಕಿದೆ. ಅಜ್ಜನ ನುಡಿ ಅರ್ಥವಾದರೂ ಉತ್ತರವನ್ನು ಶಾಲೆಯ ನುಡಿಯಲ್ಲಿ ಕೊಡುವ ಮೊಮ್ಮಕ್ಕಳು ಅಲ್ಲಿಯೂ ಹೆಚ್ಚುತ್ತಿದ್ದಾರೆ. ಒಂದು ಕಾಲದಲ್ಲಿ ತಮಿಳನ್ನೂ ಅರಬ್ಬಿಯನ್ನೂ ತನ್ನೊಳಗೆ ಕರಗಿಸಿಕೊಂಡ ಊರು ಇಂದು ತನ್ನ ನುಡಿಗಾಗಿಯೇ ಚಿಂತಿಸಬೇಕಾಗಿದೆ.

ಊರು ಸುಮ್ಮನೆ ಕೂತಿಲ್ಲ. ಕತ್ತಲಾದ ಮೇಲೆ ಹಳೆಯ ಊರಿನಲ್ಲಿ ನಾನ್‌ಯಿನ್ ಸಂಗೀತ ಕೇಳಿಬರುತ್ತದೆ. ಅಡ್ಡಲಾಗಿ ಹಿಡಿದು ನುಡಿಸುವ ಪೀಪಾ, ಬಿದಿರಿನ ಕೊಳಲು, ಎರಡು ತಂತಿಯ ಮತ್ತು ಮೂರು ತಂತಿಯ ವಾದ್ಯಗಳು, ಗಾಯಕಿಯ ಕೈಯಲ್ಲಿ ತಾಳದ ಹಲಗೆ. 2009ರಲ್ಲಿ ಯುನೆಸ್ಕೊ ಮನ್ನಣೆ ಪಡೆದ ಈ ಗಾನವನ್ನು ಚುವಾನ್‌ಜೌನ ಹಳೆಯ ಉಚ್ಚಾರಣೆಯಲ್ಲಿಯೇ ಹಾಡಬೇಕು. ಆದ್ದರಿಂದ ಹಾಡು ಕಲಿಯುವ ಮಗು ನುಡಿಯನ್ನೂ ಕಲಿಯಲೇಬೇಕು. ಮನ್ನಣೆ ಸಿಕ್ಕದ್ದು ಸಂಗೀತಕ್ಕೆ, ಉಸಿರು ಸಿಕ್ಕದ್ದು ನುಡಿಗೆ. ಹಿಂದೆ ಈ ಊರಿನಿಂದ ಫಿಲಿಪ್ಪೀನ್ಸ್, ಸಿಂಗಪುರ, ಮಲಯಗಳಿಗೆ ದುಡಿಯಹೋದವರು ಮನೆಗೆ ಹಣದೊಡನೆ ಪತ್ರವನ್ನೂ ಕಳುಹಿಸುತ್ತಿದ್ದರು. ಆ ಪತ್ರಗಳ ಸಂಗ್ರಹಕ್ಕೂ 2013ರಲ್ಲಿ ಯುನೆಸ್ಕೊದ ಸ್ಮೃತಿ ದಾಖಲೆಯಲ್ಲಿ ಸ್ಥಾನ ಸಿಕ್ಕಿತು. ಆದರೆ ಸಿಂಗಪುರದಲ್ಲಿ 1979ರಿಂದ ನಡೆದ ‘ಮ್ಯಾಂಡರಿನ್ ಮಾತಾಡಿ’ ಚಳವಳಿಯ ತರುವಾಯ ಅಲ್ಲಿನ ಮನೆಗಳಲ್ಲಿ ಹೊಕ್ಕಿಯೆನ್ ಒಂದೆರಡು ತಲೆಮಾರಿನಲ್ಲೇ ಬಡವಾಯಿತು. ಪತ್ರಗಳು ದಾಖಲೆಯಾದ ಹೊತ್ತಿಗೆ, ಆ ಪತ್ರ ಬರೆದವರ ಮೊಮ್ಮಕ್ಕಳು ಅಜ್ಜನ ನುಡಿಯನ್ನು ಬಿಟ್ಟಿದ್ದರು.

ನುಡಿ ಹೋದರೇನು, ಬಾಳು ಸಾಗಿತಲ್ಲ ಎಂದು ಕೇಳುವವರಿದ್ದಾರೆ. ಡಿಂಗ್ ಕುಲದವರು ಸುಖವಾಗಿದ್ದಾರೆ, ಚೆಡಿಯನ್ನಿನ ದೇವಿಗೆ ಪೂಜೆ ನಿಂತಿಲ್ಲ. ಬೆರೆತು ಹೋಗುವುದು ಬದುಕಿನ ಸಹಜ ಗತಿಯಲ್ಲವೇ? ಬೆರೆಯುವುದು ತಪ್ಪಲ್ಲ. ಮಂಗೋಲ ದೊರೆಗಾಗಿ ಶಿವನಲ್ಲಿ ಹರಕೆ ಹೊತ್ತ ಸಂಬಂಧಪ್ಪೆರುಮಾಳನೂ ಬೆರೆತವನೇ, ಮತ್ತು ಅದನ್ನು ಅವನು ತನ್ನ ನುಡಿಯಲ್ಲಿಯೇ ಹೇಳಿದ. ಬೆರೆಯುವುದಕ್ಕೂ ಅಳಿಯುವುದಕ್ಕೂ ನಡುವೆ ಇರುವ ಗೆರೆ ಓದಿನದು, ಬರಹದ್ದು. ತನ್ನವರ ಬರಹವನ್ನು ಓದಬಲ್ಲ ಒಬ್ಬನಾದರೂ ಊರಿನಲ್ಲಿ ಉಳಿದಿರುವವರೆಗೆ ಆ ಜನ ಅಲ್ಲಿ ಇದ್ದಾರೆ. ಅವನೂ ಹೋದ ದಿನ ಕಲ್ಲು ಅಲಂಕಾರವಾಗುತ್ತದೆ.

ಅಕ್ಕಲಕೋಟೆ, ಜತ್ತ, ಆದವಾನಿ, ರಾಯದುರ್ಗ, ಮಡಕಶಿರಾ, ತಾಳವಾಡಿ, ಕಾಸರಗೋಡುಗಳ ಸೀಮೆಯಲ್ಲಿ ಕನ್ನಡ ಇನ್ನೂ ಅಲಂಕಾರವಾಗಿಲ್ಲ. ಮನೆಯಲ್ಲಿ ಮಾತಿದೆ, ಶಾಲೆಯಲ್ಲಿ ಪಾಠವಿದೆ, ಕಾಲೇಜಿನಲ್ಲಿ ವಿಭಾಗವಿದೆ. ಆದರೆ ಗುಡಿಯ ಮೆಟ್ಟಿಲಾದ, ಬಾವಿಯ ಕಟ್ಟೆಯಾದ, ಗೋಡೆಯೊಳಗೆ ಸೇರಿಹೋದ ಬರಹದ ಕಲ್ಲುಗಳು ಈ ಸೀಮೆಗಳಲ್ಲಿಯೂ ಇವೆ. ಅಜ್ಜಿಯ ಬಾಯಲ್ಲಿ ಮಾತ್ರ ಉಳಿದ ಪದಗಳು, ಹೊಲದ ಹೆಸರುಗಳು, ಹಾಡುಗಳು ಇವೆ. ಹಳಗನ್ನಡವನ್ನೂ ಶಾಸನದ ಲಿಪಿಯನ್ನೂ ಪರೀಕ್ಷೆಯ ಅಂಕಕ್ಕಷ್ಟೇ ಓದುವ ವಿದ್ಯಾರ್ಥಿ, ತನ್ನೂರಿನಲ್ಲಿ ಅವುಗಳನ್ನು ಓದಬಲ್ಲ ಕೊನೆಯವನು ತಾನೇ ಆಗಿರಬಹುದೆಂಬುದನ್ನು ಮರೆಯಬಾರದು. ಐಚ್ಛಿಕ ಕನ್ನಡದಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ಚುವಾನ್‌ಜೌನ ಶಾಲಾಶಿಕ್ಷಕರ ಬದುಕೇ ಉತ್ತರ. ಅವರು ಮಾಡಿದ್ದಕ್ಕೆ ದೊಡ್ಡ ಪದವಿಯಾಗಲಿ ದೊಡ್ಡ ಅನುದಾನವಾಗಲಿ ಬೇಕಾಗಿರಲಿಲ್ಲ. ಗೋಡೆ ಬೀಳುವಾಗ ಅಲ್ಲಿ ಇರಬೇಕಿತ್ತು. ಬಿದ್ದ ಕಲ್ಲನ್ನು ತಿರುಗಿಸಿ ನೋಡಬೇಕಿತ್ತು. ಗಡಿನಾಡಿನ ಪ್ರತಿ ಊರಿನಲ್ಲೂ ಈಗ ರಸ್ತೆ ಅಗಲವಾಗುತ್ತಿದೆ, ಹಳೆಯ ಗುಡಿ ಹೊಸದಾಗುತ್ತಿದೆ, ಗೋಡೆಗಳು ಬೀಳುತ್ತಿವೆ.